ಸೀಗೆಕಾಯಿ ನೀರಿನ ಹೊಸ ವರ್ಷ

16 ಏಪ್ರಿಲ್ 2025, ಬುಧವಾರ
ಚಿಯಾಂಗ್ ಮಾಯ್

ನಿನ್ನೆ ನಾವು ಉಳಿದುಕೊಂಡಿರುವ ಮನೆಯ ಅಜ್ಜಿಯ ಕೈಗೆ ನೀರು ಹೊಯ್ದದ್ದು. ಇವತ್ತು ಬೆಳಗ್ಗೆಯೂ ನನ್ನ ಬೆರಳುಗಳಲ್ಲಿ ಆ ವಾಸನೆ ಇದೆ. ಸುಟ್ಟ ಸೀಗೆಕಾಯಿಯ ವಾಸನೆ. ಅದು ಹೋಗುವ ಮೊದಲೇ ಬರೆದಿಡೋಣ ಎಂದು ಕೂತಿದ್ದೇನೆ.

ತಮ್ಮನಿಗೆ ಬ್ಯಾಂಕಾಕ್‌ನಲ್ಲಿ ಕೆಲಸ. ಥಾಯ್ಲೆಂಡಿನ ಹೊಸ ವರ್ಷದ ಹಬ್ಬ ಸೋಂಗ್‌ಕ್ರಾನ್. ಚಿಯಾಂಗ್ ಮಾಯ್ ಅಲ್ಲಿನ ಉತ್ತರದ ಊರು. "ಅಕ್ಕಾ, ಸೋಂಗ್‌ಕ್ರಾನ್ ನೋಡೋದಾದ್ರೆ ಚಿಯಾಂಗ್ ಮಾಯ್‌ನಲ್ಲೇ ನೋಡ್ಬೇಕು" ಎಂದು ಎರಡು ವರ್ಷದಿಂದ ಕರೆಯುತ್ತಿದ್ದ. ಬ್ಯಾಂಕಾಕನ್ನೂ ನಡುಗಿಸಿದ ಮಾರ್ಚ್ 28ರ ಭೂಕಂಪದ ಸುದ್ದಿ ಕೇಳಿದ ಮೇಲೆ ಅಮ್ಮನಿಗೆ ನನ್ನನ್ನು ಕಳಿಸಲು ಮನಸ್ಸೇ ಇರಲಿಲ್ಲ. ಬಿಸು ಹಬ್ಬಕ್ಕೂ ಮನೆಯಲ್ಲಿರೋದಿಲ್ವಾ ಎಂದು ಬೇಜಾರು ಬೇರೆ. ನಾನೂ ಜೋರಾಗಿ ಮಾತಾಡಿಬಿಟ್ಟೆ. ಅದೇ ಮನಸ್ಸಿನಲ್ಲಿ ಹೊರಟು ಬಂದೆ. ಬ್ಯಾಂಕಾಕ್‌ನಿಂದ ಒಂದು ರಾತ್ರಿ ರೈಲು, 12ನೇ ತಾರೀಕು ಬೆಳಗ್ಗೆ ಇಲ್ಲಿ. ತಮ್ಮನ ಗೆಳೆಯನ ಮನೆಯಲ್ಲಿ ಉಳಿದುಕೊಂಡಿದ್ದೇವೆ. ಗೋಡೆಯ ಕ್ಯಾಲೆಂಡರಿನಲ್ಲಿ 2568 ಎಂದಿದೆ. ಬುದ್ಧನ ಪರಿನಿರ್ವಾಣದಿಂದ ಎಣಿಸುವ ವರ್ಷ ಅದು.

ಸೋಂಗ್‌ಕ್ರಾನ್ ಎಂದರೆ ಸಂಕ್ರಾಂತಿಯೇ. ಸೂರ್ಯ ಮೇಷ ರಾಶಿಗೆ ಬರುವ ಸಂಕ್ರಾಂತಿ, ನಮ್ಮ ತುಳುನಾಡಿನ ಬಿಸುವಿನ ಹಾಗೆ. 1941ರಿಂದ ಸರ್ಕಾರದ ಹೊಸ ವರ್ಷ ಜನವರಿ 1ಕ್ಕೆ ಶುರುವಾಗುತ್ತದೆ. ಆದರೆ ಈ ಮನೆಯಲ್ಲಿ ಹೊಸ ಬಟ್ಟೆ, ಮನೆ ತೊಳೆಯೋದು, ಊರಿಗೆ ಬರೋದು ಎಲ್ಲ ಏಪ್ರಿಲ್‌ನಲ್ಲೇ. ಇಲ್ಲಿನವರು ಇದನ್ನು 'ಪೀ ಮಾಯ್ ಮುವಾಂಗ್' ಎನ್ನುತ್ತಾರೆ. ನಮ್ಮ ನಾಡಿನ ಹೊಸ ವರ್ಷ ಎಂದ ಹಾಗೆ.

ನನಗೆ ತುಂಬ ಹಿಡಿಸಿದ್ದು ಸೋಂಗ್‌ಕ್ರಾನ್ ದೇವಿಯ ಕತೆ. ಕಪಿಲ ಬ್ರಹ್ಮ ಒಬ್ಬ ಹುಡುಗನಿಗೆ ಒಗಟು ಹಾಕಿ, ಅವನು ಉತ್ತರ ಹೇಳಿದ್ದರಿಂದ ತನ್ನ ತಲೆಯನ್ನೇ ಕೊಡಬೇಕಾಗುತ್ತದೆ. ಆ ತಲೆ ನೆಲಕ್ಕೆ ಬಿದ್ದರೆ ಬೆಂಕಿ, ಸಮುದ್ರಕ್ಕೆ ಬಿದ್ದರೆ ನೀರೆಲ್ಲ ಬತ್ತುತ್ತದೆ. ಹಾಗಾಗಿ ಅವನ ಏಳು ಹೆಣ್ಣುಮಕ್ಕಳು ಅದನ್ನು ಜೋಪಾನ ಮಾಡಿ, ವರ್ಷಕ್ಕೊಬ್ಬಳಂತೆ ಮೆರವಣಿಗೆಯಲ್ಲಿ ಹೊರುತ್ತಾರೆ. ಯಾರ ಸರದಿ ಎನ್ನುವುದು ಹಬ್ಬ ಯಾವ ವಾರ ಬಂತು ಎನ್ನುವುದರ ಮೇಲೆ. ಈ ಸಲ 13 ಭಾನುವಾರ. ಭಾನುವಾರದವಳು ತುಂಗ್ಸ ದೇವಿ. ವಾಹನ ಗರುಡ, ಕೈಯಲ್ಲಿ ಶಂಖ ಚಕ್ರ, ಆಹಾರ ಅತ್ತಿಹಣ್ಣು. ನಮ್ಮ ಪಂಚಾಂಗದಲ್ಲಿ ಸಂಕ್ರಾಂತಿ ಪುರುಷನ ವಾಹನ ಯಾವುದು, ಏನು ತಿನ್ನುತ್ತಾನೆ, ಅದರ ಫಲ ಏನು ಎಂದು ಬರೆದಿರುತ್ತದಲ್ವಾ? ಅಜ್ಜ ಅದನ್ನು ಗಟ್ಟಿಯಾಗಿ ಓದುತ್ತಿದ್ದುದು ನೆನಪಾಯಿತು.

13ರ ಮಧ್ಯಾಹ್ನ ವಾಟ್ ಫ್ರಾ ಸಿಂಗ್‌ನ ಬುದ್ಧನ ಮೂರ್ತಿಯ ಮೆರವಣಿಗೆ. ದೇವಸ್ಥಾನ 1345ರದ್ದು, ಕೋಟೆಯೊಳಗಿನ ಹಳೇ ಊರಿನಲ್ಲಿದೆ. ಬೀದಿಯ ಎರಡೂ ಬದಿ ಜನ ಬೆಳ್ಳಿ ಬಟ್ಟಲಿನಲ್ಲಿ ಹೂವಿನ ನೀರು ಹಿಡಿದು ನಿಂತಿದ್ದರು. ರಥ ಹತ್ತಿರ ಬಂದಾಗ ಎಲ್ಲರೂ ನೀರು ಚಿಮುಕಿಸಿದರು. ಊರಿನ ಸುತ್ತ ಇರುವ ಕಂದಕದ ಬಳಿ ಪಿಚಕಾರಿ, ಬಕೆಟ್, ಜೀಪು, ಹಾಡು ಎಲ್ಲ ಇತ್ತು. ನಾನೂ ನೆನೆದೆ, ಖುಷಿಪಟ್ಟೆ. ಆದರೆ ಅಷ್ಟೇ ನೋಡಿ ವಾಪಸ್ ಹೋಗುವವರನ್ನು ಕಂಡರೆ ನನಗೆ ಸಂಕಟ. ಹಬ್ಬ ಇರುವುದು ಮನೆಯೊಳಗೆ, ದೇವಸ್ಥಾನದ ಅಂಗಳದಲ್ಲಿ. 2023ರಲ್ಲಿ ಯುನೆಸ್ಕೋ ಇದನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ. ಬರೀ ನೀರೆರಚಾಟವಾಗಿದ್ದರೆ ಸೇರಿಸುತ್ತಿತ್ತಾ?

14ನೇ ತಾರೀಕಿಗೆ 'ವಾನ್ ನಾವ್' ಎಂದು ಹೆಸರು. ಆ ದಿನ ಯಾರೂ ಬೈಯುವಂತಿಲ್ಲ, ಜಗಳ ಆಡುವಂತಿಲ್ಲ. ಆಡಿದರೆ ವರ್ಷವೆಲ್ಲ ಕೆಟ್ಟದ್ದಂತೆ. ಮಧ್ಯಾಹ್ನ ಮರಳು ಹೊತ್ತುಕೊಂಡು ದೇವಸ್ಥಾನಕ್ಕೆ ಹೋದೆವು. ವರ್ಷವಿಡೀ ನಮ್ಮ ಕಾಲಿಗೆ ಅಂಟಿಕೊಂಡು ದೇವಸ್ಥಾನದ ಮಣ್ಣು ಹೊರಗೆ ಹೋಗಿರುತ್ತದೆ. ಅದನ್ನು ವಾಪಸ್ ಕೊಡಬೇಕು. ಅದಕ್ಕೇ ನದಿಯ ಮರಳು. ಅಂಗಳದಲ್ಲಿ ಮರಳಿನ ಸ್ತೂಪ ಕಟ್ಟಿ, 'ತುಂಗ್' ಎನ್ನುವ ಬಣ್ಣದ ಕಾಗದದ ಪತಾಕೆಗಳನ್ನು ಚುಚ್ಚುತ್ತಾರೆ. ಇನ್ನೊಂದು ಕಡೆ ಅರಳಿ ಮರದ ಕೊಂಬೆಗಳಿಗೆ ಕವಲುಗೋಲುಗಳನ್ನು ಆನಿಸಿಟ್ಟಿದ್ದರು. ಮರ ಬೀಳದಿರಲಿ, ಧರ್ಮ ಬೀಳದಿರಲಿ ಎಂದು. ನಾನೂ ಒಂದು ಕೋಲು ಆನಿಸಿ ಬಂದೆ.

ಇನ್ನು ನಿನ್ನೆಯ ಮಾತು. 15, 'ವಾನ್ ಫಯಾ ವಾನ್', ವರ್ಷದ ದೊಡ್ಡ ದಿನ. ಬೆಳಗ್ಗೆ ದೇವಸ್ಥಾನಕ್ಕೆ ಅಡುಗೆ ಒಯ್ದದ್ದಾಯಿತು. ಆಮೇಲೆ ಗೆಳೆಯನ ತಾಯಿ ಅಡುಗೆಮನೆಯಲ್ಲಿ ಕಂದು ಬಣ್ಣದ ಒಣಗಿದ ಕಾಯಿಗಳನ್ನು ಕೆಂಡದ ಮೇಲೆ ಸುಡುತ್ತಿದ್ದರು. ನಾನು ಒಂದನ್ನು ಎತ್ತಿ ಮೂಸಿದೆ. ಸೀಗೆಕಾಯಿ! ಇಲ್ಲಿ ಅದಕ್ಕೆ 'ಸೋಮ್ ಪೋಯ್' ಎನ್ನುತ್ತಾರೆ. ಸುಟ್ಟ ಕಾಯಿ ಮುರಿದು ನೀರಿಗೆ ಹಾಕಿದರು. ಮೇಲೆ ಕುಸುಬೆ ಹೂವಿನ ಎಸಳು, ಚಿಟಿಕೆ ಅರಿಸಿನ. ನೀರು ಹೊಂಬಣ್ಣಕ್ಕೆ ತಿರುಗಿತು.

ಈ ಶಾಸ್ತ್ರದ ಹೆಸರು 'ದಾಮ್ ಹುವ'. ತಲೆ ತೊಳೆಯುವುದು ಎಂದೇ ಅರ್ಥ. ಹಿರಿಯರಿಗೆ ವರ್ಷದ ಕೊಳೆ ತೊಳೆದು, ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳುವುದು. ಮನೆಯ ಅಜ್ಜಿಯನ್ನು 'ಮ್ಯೇ ಉಯ್' ಎಂದು ಕರೆಯುತ್ತಾರೆ. ಎಂಬತ್ತು ದಾಟಿದವರು. ಚಾಪೆಯ ಮೇಲೆ ಕೂತಿದ್ದರು. ಎಲ್ಲರೂ ಅವರಿಗಿಂತ ತಗ್ಗಿ, ಮಂಡಿಯೂರಿ, ಹಣ್ಣು, ಹೂವು, ಹೊಸ ಬಟ್ಟೆಯ ತಟ್ಟೆ ಒಪ್ಪಿಸಿದೆವು. ನನ್ನ ಸರದಿ ಬಂದಾಗ ಬಟ್ಟಲಿನ ನೀರನ್ನು ನಿಧಾನವಾಗಿ ಅವರ ಅಂಗೈಗೆ ಹೊಯ್ದೆ. ಅವರು ಒದ್ದೆ ಕೈಯನ್ನು ತಮ್ಮ ನೆತ್ತಿಗೆ ಸವರಿಕೊಂಡರು. ಆಮೇಲೆ ನಮ್ಮ ಮೇಲೆ ನಾಲ್ಕು ಹನಿ ಚಿಮುಕಿಸಿ, ಹಾಡಿನ ಹಾಗೆ ಏನೋ ಹರಸಿದರು. ಅವರ ಮಾತು ನನಗೆ ಗೊತ್ತಾಗಲಿಲ್ಲ. ಕೊನೆಯಲ್ಲಿ ಬಂದ ಪಾಲಿ ಭಾಷೆಯ ಮಾತುಗಳು ಮಾತ್ರ ಗೊತ್ತಾದವು. ಆಯು, ವಣ್ಣೋ, ಸುಖಂ, ಬಲಂ.

ನನಗೆ ಅಲ್ಲೇ ಅಳು ಬಂತು. ಚಿಕ್ಕವಳಿದ್ದಾಗ ಹಬ್ಬದ ಹಿಂದಿನ ದಿನ ಅಮ್ಮ ಸೀಗೆಪುಡಿ ಹಚ್ಚಿ ನನಗೆ ತಲೆಗೆರೆಯುತ್ತಿದ್ದರು. ಕಣ್ಣಿಗೆ ಹೋಯಿತು ಎಂದು ನಾನು ಅರಚುತ್ತಿದ್ದೆ.

ಇವತ್ತು 16, 'ವಾನ್ ಪಾಕ್ ಪೀ', ವರ್ಷದ ಬಾಯಿ ಎಂದು. ಬೆಳಗ್ಗೆಯಿಂದ ಮನೆ ತುಂಬ ಎಳೆ ಹಲಸಿನ ಘಮ. ಇವತ್ತು ಹಲಸಿನ ಸಾರು, 'ಕ್ಯಾಂಗ್ ಖನುನ್', ತಿನ್ನಲೇಬೇಕು. ಖನುನ್ ಎಂದರೆ ಹಲಸು. 'ನುನ್' ಎಂದರೆ ಆಸರೆ. ತಿಂದವರಿಗೆ ವರ್ಷವೆಲ್ಲ ಒಬ್ಬರಲ್ಲ ಒಬ್ಬರು ಆಸರೆಯಾಗುತ್ತಾರೆ ಎಂದು ನಂಬಿಕೆ. ಹಂದಿಮಾಂಸ ಹಾಕಿ ಮಾಡುವುದು ವಾಡಿಕೆ. ನಮಗೆಂದು ಬೇರೆ ಪಾತ್ರೆಯಲ್ಲಿ ಮಾಂಸವಿಲ್ಲದೆ, ಪುಟ್ಟ ಟೊಮೆಟೊ ಹಾಕಿ ಮಾಡಿಟ್ಟಿದ್ದರು. ಎರಡು ಸಲ ಹಾಕಿಸಿಕೊಂಡೆ.

ಊಟ ಆದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಹೊರಡುವ ದಿನ ಹಾಗೆ ಮಾತಾಡಬಾರದಿತ್ತು ಎಂದೆ. ಅಮ್ಮ ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಊಟಕ್ಕೆ ಏನಿತ್ತು?" ಎಂದು ಕೇಳಿದರು.

"ಗುಜ್ಜೆ ಸಾರು."

"ಅಲ್ಲೂ ಗುಜ್ಜೆ ಸಿಗ್ತದಾ? ಒಗ್ಗರಣೆಗೆ ಸಾಸಿವೆ ಹಾಕ್ತಾರಾ?"

ಇಲ್ಲ, ಹಾಕೋದಿಲ್ಲ ಎಂದೆ. ಆಮೇಲೆ ಅರ್ಧ ಗಂಟೆ ಮಾತಾಡಿದೆವು.