ವಿದೇಶಿ ಸಂಗಾತಿಯೊಡನೆ ಹೊರಡುವ ಮುನ್ನ: ಯಾವ ಕಾಗದ ಯಾವ ಊರಿನದು?

ಹುಬ್ಬಳ್ಳಿಯಲ್ಲಿ ಜನನ, ಮುಂಬಯಿಯಲ್ಲಿ ಡಿಗ್ರಿ, ಪುಣೆಯಲ್ಲಿ ನೌಕರಿ, ಮದುವೆ ಗೋವಾದಲ್ಲಿ. ಮಹಾರಾಷ್ಟ್ರ, ಗೋವಾದ ಈ ಕಡೆ ನೆಲೆಸಿದ ಕನ್ನಡಿಗರಲ್ಲಿ ಇದೇನೂ ಅಪರೂಪವಲ್ಲ. ಹೊರದೇಶದ ವಲಸೆ ಕಚೇರಿಯ ಕಣ್ಣಿಗೆ ಇದೆಲ್ಲ ಒಂದೇ ಭಾರತ. ಕಾಗದಗಳಿಗೆ ಮಾತ್ರ ಮೂರು ರಾಜ್ಯ ಸರ್ಕಾರಗಳು. ಏಜೆಂಟರು ಕೊಡುವ ಪಟ್ಟಿಯಲ್ಲಿ ಏನೇನು ಬೇಕು ಎಂದಿರುತ್ತದೆ. ಯಾವುದನ್ನು ಮೊದಲು ಹಿಡಿಯಬೇಕು, ಯಾವುದರ ಆಯುಷ್ಯ ಎಷ್ಟು ಎಂಬುದು ಅದರಲ್ಲಿ ಇರುವುದಿಲ್ಲ. ಕೆಲಸ ಕೆಡುವುದು ಬಹುಪಾಲು ಅಲ್ಲೇ.

ಮೊದಲು ಕಾಗದಗಳನ್ನು ಎರಡು ಕಟ್ಟು ಮಾಡಿಕೊಳ್ಳಿ. ಜನನ ಪ್ರಮಾಣಪತ್ರ, ಹಿಂದಿನ ವಿಚ್ಛೇದನದ ತೀರ್ಪು, ಪದವಿ ಪತ್ರ ಇವು ಸಾಮಾನ್ಯವಾಗಿ ಹಳಸುವುದಿಲ್ಲ, ಆದರೆ ಕೈಗೆ ಬರುವುದು ನಿಧಾನ. ಪೊಲೀಸ್ ಕ್ಲಿಯರೆನ್ಸ್ (ಅಪರಾಧದ ದಾಖಲೆ ಇಲ್ಲವೆಂಬ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್, ಸಂಗಾತಿಯ ದೇಶ ಕೊಡುವ 'ಮದುವೆಗೆ ಅಡ್ಡಿಯಿಲ್ಲ' ಪತ್ರ ಬೇಗ ಸಿಗುತ್ತವೆ, ಬೇಗ ಹಳತಾಗುತ್ತವೆ. ಬೇಗ ಸಿಗುವುದನ್ನೇ ಮೊದಲು ಮಾಡಿಸಿ ಖುಷಿಪಟ್ಟವರು ಆರು ತಿಂಗಳ ನಂತರ ಅದನ್ನೇ ಮತ್ತೆ ಮಾಡಿಸುತ್ತಾರೆ.

ಎಲ್ಲಕ್ಕಿಂತ ನಿಧಾನದ್ದು ಜನನ ಪ್ರಮಾಣಪತ್ರ. ಕರ್ನಾಟಕದ ಹಳೆಯ ದಾಖಲೆಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದುಂಟು. ಲಿಂಗ, ತಾರೀಖು, ತಂದೆ ತಾಯಿಯ ಹೆಸರು ಇರುತ್ತವೆ, ಅಷ್ಟೇ. ನಮ್ಮ ಪಾಸ್‌ಪೋರ್ಟ್ ಕಚೇರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕಾಗಿರಬಹುದು. ಯುರೋಪಿನ ವಿವಾಹ ನೋಂದಣಿ ಕಚೇರಿಗೆ ಅದು ಸಾಲದು. ನೋಂದಣಿಯಾದ ಪಂಚಾಯಿತಿ ಅಥವಾ ಪುರಸಭೆಯಲ್ಲೇ ಹೆಸರು ಸೇರಿಸಿ ಹೊಸ ಪ್ರತಿ ಪಡೆಯಬೇಕು. ಜನನ ನೋಂದಣಿಯೇ ಆಗಿಲ್ಲವೆಂದರೆ ದಾರಿ ಇನ್ನೂ ಉದ್ದ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ದಾಟಿದ ಮೇಲೆ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರದು. ಮದುವೆಯ ತಾರೀಖು ಗೊತ್ತಾಗುವ ಮುಂಚೆಯೇ ಇದಕ್ಕೆ ಕೈಹಾಕುವುದು ಲೇಸು.

ಇನ್ನು ಹೆಸರಿನ ವಿಷಯ. ಗಡಿಯ ಈಚೆ ಬಂದ ಕನ್ನಡಿಗರಿಗೆ ಇದರಷ್ಟು ತಲೆನೋವು ಬೇರೆ ಇಲ್ಲ. ಕರ್ನಾಟಕದ ಕಾಗದದಲ್ಲಿ ಇನಿಷಿಯಲ್ ಮುಂದೆ, ಹೆಸರು ಹಿಂದೆ, ಅಡ್ಡಹೆಸರು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಹಾರಾಷ್ಟ್ರದ ಶಾಲೆಯಲ್ಲಿ ಅದೇ ಮನುಷ್ಯನಿಗೆ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗದ ಹೆಸರು ಬಂದಿರುತ್ತದೆ. ಮದುವೆಯಾದ ಹೆಂಗಸಿಗೆ ನಡುವಿನ ಹೆಸರು ಗಂಡನದಾಗುತ್ತದೆ, ಕೆಲವೊಮ್ಮೆ ಯಾರೂ ಕೇಳದೆಯೇ ಗುಮಾಸ್ತರ ಅಭ್ಯಾಸದಿಂದ. ಮೇಲಿಂದ ಕಾಗುಣಿತ: ಕುಲಕರ್ಣಿ ಎಂಬುದಕ್ಕೆ ಧಾರವಾಡದ ಇಂಗ್ಲಿಷಿನಲ್ಲಿ ಒಂದು 'ಎ' ಹೆಚ್ಚು, ಪುಣೆಯದರಲ್ಲಿ ಒಂದು ಕಡಿಮೆ. ಹೆಗಡೆಯದೂ ಅದೇ ಪಾಡು. ಪಾಸ್‌ಪೋರ್ಟಿನಲ್ಲಿ ಇಡೀ ಹೆಸರು ಒಂದೇ ಖಾನೆಯಲ್ಲಿ ಕೂತಿದ್ದರೆ ವಿದೇಶಿ ಸಾಫ್ಟ್‌ವೇರು ಖಾಲಿ ಖಾನೆಗೆ ತನಗೆ ತೋಚಿದ ಅಕ್ಷರ ತುಂಬುತ್ತದೆ. ಆಮೇಲೆ ನಿವಾಸ ಕಾರ್ಡು, ಬ್ಯಾಂಕು, ವಿಮೆ ಎಲ್ಲವೂ ಆ ಅಕ್ಷರಗಳನ್ನೇ ನಕಲು ಮಾಡುತ್ತವೆ.

ಇದಕ್ಕೆ ಅಫಿಡವಿಟ್ಟೇ ಮದ್ದು ಎನ್ನುವವರಿದ್ದಾರೆ. 'ಎರಡೂ ಹೆಸರು ಒಬ್ಬರದೇ' ಎಂಬ ಸ್ಟಾಂಪ್ ಪೇಪರ್ ನಮ್ಮ ಕಚೇರಿಗಳಲ್ಲಿ ನಡೆಯುತ್ತದೆ. ಹೊರಗೆ ಅದು ಬರೀ ನಿಮ್ಮ ಮಾತು, ಯಾವ ರಿಜಿಸ್ಟರಿನ ನಕಲೂ ಅಲ್ಲ. ಪಾಸ್‌ಪೋರ್ಟನ್ನು ಅಳತೆಗೋಲಾಗಿ ಇಟ್ಟುಕೊಂಡು, ಮದುವೆಗೆ ಮುಂಚೆ ವಿವಾಹಾಧಿಕಾರಿಗೆ ಕೊಡುವ ನೋಟಿಸಿನಲ್ಲೇ ಪಾಸ್‌ಪೋರ್ಟಿನ ಹೆಸರನ್ನು ಅಕ್ಷರ ಬಿಡದೆ ಬರೆಸಿ. ನೋಟಿಸಿನಲ್ಲಿ ತಪ್ಪಿದರೆ ಪ್ರಮಾಣಪತ್ರದಲ್ಲೂ ತಪ್ಪು. ವಿದೇಶಿ ಸಂಗಾತಿಯ ಹೆಸರು ದೇವನಾಗರಿಗೆ ಹೋಗಿ ಮತ್ತೆ ಇಂಗ್ಲಿಷಿಗೆ ಬರುವಾಗ ಏನಾದರೂ ಆಗಬಹುದು. ಸಹಿ ಹಾಕುವ ಮುನ್ನ ಎರಡೂ ಲಿಪಿಯನ್ನು ಓದಿ.

ಮದುವೆ ಬಹುತೇಕ 1954ರ ವಿಶೇಷ ವಿವಾಹ ಕಾಯ್ದೆಯಡಿ ನಡೆಯುತ್ತದೆ. ಇಬ್ಬರಲ್ಲಿ ಒಬ್ಬರಾದರೂ ನೋಟಿಸಿಗೆ ಮುಂಚೆ ಕನಿಷ್ಠ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಪುಣೆಯ ಬಾಡಿಗೆ ಕರಾರಿನಿಂದ ಭಾರತೀಯ ಸಂಗಾತಿಯೇ ಇದನ್ನು ಪೂರೈಸಬಹುದು. ಆಕ್ಷೇಪಕ್ಕೆ 30 ದಿನ ಬಿಟ್ಟು, ಮೂವರು ಸಾಕ್ಷಿಗಳೊಂದಿಗೆ ಸಹಿ. ಇನ್ನೊಂದು ಗಡುವನ್ನು ಜನ ಮರೆಯುತ್ತಾರೆ: ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಅದು ರದ್ದು, ಮತ್ತೆ ಮೊದಲಿಂದ. ಕಾಯಂ ವಿಳಾಸ ಕರ್ನಾಟಕದ್ದಿದ್ದರೆ ನೋಟಿಸಿನ ಪ್ರತಿ ಅಲ್ಲಿನ ವಿವಾಹಾಧಿಕಾರಿಗೂ ಹೋಗಿ ಅಲ್ಲಿಯೂ ಬೋರ್ಡಿಗೆ ಏರುತ್ತದೆ. ಮನೆಯವರಿಗೆ ಇನ್ನೂ ಹೇಳಿಲ್ಲದವರು ಇದನ್ನು ಲೆಕ್ಕಕ್ಕೆ ಹಿಡಿಯಲಿ.

ಗೋವಾದಲ್ಲಿ ಪದ್ಧತಿ ಬೇರೆ. ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಇನ್ನೂ ಜಾರಿಯಲ್ಲಿದೆ, ಸಿವಿಲ್ ರಿಜಿಸ್ಟ್ರಾರರ ಮುಂದೆ ಎರಡು ಸಹಿ ಇರುತ್ತದೆ. ಮೊದಲನೆಯದು ಮದುವೆಯಾಗುವ ಇಚ್ಛೆಯ ಘೋಷಣೆ, ಕೆಲವು ದಿನ ಬಿಟ್ಟು ಎರಡನೆಯದು ಮದುವೆ. ಮೊದಲ ಸಹಿಗೇ ಹಾರ ಹಾಕಿಕೊಂಡು ಊಟ ಹಾಕಿಸಿ ಸುಮ್ಮನಾದರೆ ಕಾನೂನಿನ ಲೆಕ್ಕದಲ್ಲಿ ಮದುವೆ ಆಗಿಲ್ಲ. ಅಲ್ಲಿ ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡಹೆಂಡಿರ ಆಸ್ತಿ ಜಂಟಿ ಎಂಬುದೇ ನಿಯಮ. ಹೊರದೇಶದ ಫಾರಂನಲ್ಲಿ 'ಆಸ್ತಿ ಪದ್ಧತಿ ಯಾವುದು' ಎಂಬ ಪ್ರಶ್ನೆ ಬಂದಾಗ ಗೋವಾದಲ್ಲಿ ಮದುವೆಯಾದವರ ಉತ್ತರವೂ ಪುಣೆಯಲ್ಲಿ ಆದವರ ಉತ್ತರವೂ ಒಂದೇ ಅಲ್ಲ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಅಪಾಸ್ಟಿಲ್, ಅಂದರೆ ಕಾಗದದ ಸಹಿ, ಸೀಲು ಅಸಲಿ ಎಂದು ಹೊರದೇಶಕ್ಕೆ ಸಾರುವ ಚೀಟಿ. ಅದು ಹೇಗ್ ಒಪ್ಪಂದವೊಂದರ ಏರ್ಪಾಡು, ಭಾರತದ ಮಟ್ಟಿಗೆ ಜಾರಿಗೆ ಬಂದದ್ದು 2005ರಲ್ಲಿ. ವಿದೇಶಾಂಗ ಸಚಿವಾಲಯ ಅಂಟಿಸುವ ಚೀಟಿಗೆ ಸರ್ಕಾರಿ ಶುಲ್ಕ 50 ರೂಪಾಯಿ. ಏಜೆಂಟರು ಕೇಳುವ ಸಾವಿರಗಳು ಓಡಾಟಕ್ಕೆ. ಆ ಚೀಟಿಗೂ ಮುಂಚೆ ರಾಜ್ಯದ ದೃಢೀಕರಣ ಬೇಕು, ಅದು ನೀವಿರುವ ರಾಜ್ಯದ್ದಲ್ಲ, ಕಾಗದ ಕೊಟ್ಟ ರಾಜ್ಯದ್ದು. ಪುಣೆಯ ಮದುವೆ ಪತ್ರಕ್ಕೆ ಮುಂಬಯಿಯ ಮಂತ್ರಾಲಯ (ರಾಜ್ಯ ಸಚಿವಾಲಯ), ಹುಬ್ಬಳ್ಳಿಯ ಜನನ ಪತ್ರಕ್ಕೆ ಬೆಂಗಳೂರು. ಮಂತ್ರಾಲಯದಲ್ಲಿ ಕರ್ನಾಟಕದ ಸಹಿಯನ್ನು ಯಾರೂ ಗುರುತಿಸುವುದಿಲ್ಲ, ಗುರುತಿಸಬೇಕಾಗಿಯೂ ಇಲ್ಲ. ದೆಹಲಿಯ ಎಸ್‌ಡಿಎಂ (ಉಪವಿಭಾಗ ಮ್ಯಾಜಿಸ್ಟ್ರೇಟ್) ಮೂಲಕ ಬೇಗ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರು ಬಹಳ. ನಿಮ್ಮ ಗುರಿಯ ದೇಶದ ಕಚೇರಿ ಅದನ್ನು ಒಪ್ಪುತ್ತದೆಯೇ ಎಂದು ಬರಹದಲ್ಲಿ ಕೇಳಿಕೊಂಡ ಮೇಲೆ ಒಪ್ಪಿಕೊಳ್ಳಿ. ಮೂಲಪ್ರತಿಗೆ ಲ್ಯಾಮಿನೇಶನ್ ಮಾಡಿಸಿದ್ದರೆ ಹೊಸ ಪ್ರತಿಯೇ ಗತಿ, ಪ್ಲಾಸ್ಟಿಕ್ಕಿನ ಮೇಲೆ ಸೀಲು ನಿಲ್ಲುವುದಿಲ್ಲ.

ಅನುವಾದ ಅಪಾಸ್ಟಿಲ್ ಆದ ನಂತರವೇ, ಏಕೆಂದರೆ ಸೀಲು, ಚೀಟಿಯ ಬರಹವೂ ಅನುವಾದವಾಗಬೇಕು. ಸಾಧ್ಯವಿದ್ದರೆ ಹೋಗುವ ದೇಶದಲ್ಲೇ ಪ್ರಮಾಣವಚನ ಪಡೆದ ಅನುವಾದಕರಿಂದ ಮಾಡಿಸಿ. ಕನ್ನಡದಿಂದ ನೇರವಾಗಿ ಮಾಡುವವರು ಅಲ್ಲಿ ವಿರಳ, ಹಾಗಾಗಿ ಇಂಗ್ಲಿಷೂ ಇರುವ ದ್ವಿಭಾಷಾ ಪ್ರತಿಯನ್ನೇ ಕೇಳಿ ಪಡೆಯಿರಿ.

ಜರ್ಮನಿಗೆ ಹೋಗುವವರು ಇಲ್ಲಿ ನಿಲ್ಲಿ. ಭಾರತ ಹೇಗ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ನಮ್ಮ ಅಪಾಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಚೀಟಿಗೆ ಖರ್ಚು ಮಾಡಿ ಹೋದವರಿಗೆ ಕೌಂಟರಿನಲ್ಲಿ ಅದು ತಿಳಿಯುತ್ತದೆ. ಅದರ ಬದಲು ಅಲ್ಲಿನ ಕಚೇರಿ ಬಯಸಿದರೆ ದಾಖಲೆ ಪರಿಶೀಲನೆ ನಡೆಯುತ್ತದೆ. ಇಲ್ಲಿನ ಜರ್ಮನ್ ದೂತಾವಾಸ ನೇಮಿಸಿದ ವಕೀಲರು ಮೂಲ ರಿಜಿಸ್ಟರ್ ನೋಡುತ್ತಾರೆ, ಊರಿನಲ್ಲಿ ವಿಚಾರಿಸುತ್ತಾರೆ. ಖರ್ಚು ಅರ್ಜಿದಾರರದು, ಹಿಡಿಯುವುದು ತಿಂಗಳುಗಟ್ಟಲೆ. ಊರಿನಲ್ಲಿರುವ ಅಜ್ಜಿ, ಚಿಕ್ಕಪ್ಪಂದಿರಿಗೆ ಮೊದಲೇ ಹೇಳಿಟ್ಟರೆ, ಯಾರೋ ಅಪರಿಚಿತರು ಬಂದು ಕೇಳಿದಾಗ ಗಾಬರಿಯಲ್ಲಿ ತಪ್ಪು ಹೇಳುವುದು ತಪ್ಪುತ್ತದೆ. ಜರ್ಮನ್ ಪ್ರಜೆಯ ಸಂಗಾತಿಗೆ ಸಾಮಾನ್ಯವಾಗಿ ಎ1, ಅಂದರೆ ಆರಂಭಿಕ ಮಟ್ಟದ ಜರ್ಮನ್ ಭಾಷಾ ಪ್ರಮಾಣಪತ್ರವೂ ಬೇಕು. ಪುಣೆ, ಮುಂಬಯಿ ಎರಡರಲ್ಲೂ ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಮ್ಯಾಕ್ಸ್ ಮ್ಯುಲರ್ ಭವನವಿದೆ. ಪರೀಕ್ಷೆಯ ಸೀಟು ಬೇಗ ತುಂಬುತ್ತದೆ, ಮದುವೆ ನೋಟಿಸಿನ 30 ದಿನ ಕಾಯುವಾಗಲೇ ಪಾಠ ಶುರುವಾದರೆ ಸರಿ.

ಯುರೋಪಿನ ಬಗ್ಗೆ ಹೆಚ್ಚಿನ ಗೊಂದಲ ಇನ್ನೊಂದಿದೆ. 'ಇಯು (ಐರೋಪ್ಯ ಒಕ್ಕೂಟ) ಪ್ರಜೆಯನ್ನು ಮದುವೆಯಾದರೆ ವೀಸಾ ಉಚಿತ, ಬೇಗ' ಎಂದು ಎಲ್ಲರೂ ಹೇಳುತ್ತಾರೆ. ಆ ನಿಯಮ ಒಕ್ಕೂಟದ 2004ರ 38ನೇ ನಿರ್ದೇಶನದ್ದು, ಅದು ಅನ್ವಯಿಸುವುದು ಆ ಪ್ರಜೆ ತನ್ನದಲ್ಲದ ಸದಸ್ಯ ದೇಶಕ್ಕೆ ಹೋದಾಗ. ಜರ್ಮನ್ ಗಂಡನ ಜೊತೆ ಪೋರ್ಚುಗಲ್ಲಿಗೆ ಹೋಗುವ ಭಾರತೀಯ ಹೆಂಡತಿಗೆ ಪ್ರವೇಶ ವೀಸಾ ಉಚಿತ. ಅಲ್ಲಿ ನಿವಾಸ ಕಾರ್ಡಿನ ಅರ್ಜಿಗೆ ಕನಿಷ್ಠ ಮೂರು ತಿಂಗಳ ಅವಕಾಶ ಇರಲೇಬೇಕು, ಕಾರ್ಡು ಆರು ತಿಂಗಳೊಳಗೆ ಬರಬೇಕು, ಸಾಮಾನ್ಯವಾಗಿ ಐದು ವರ್ಷ ಬಾಳುತ್ತದೆ. ಅದೇ ದಂಪತಿ ನೇರವಾಗಿ ಮ್ಯೂನಿಕ್‌ಗೆ ಹೊರಟರೆ ಜರ್ಮನಿಯ ದೇಶೀಯ ಕಾನೂನು, ಭಾಷಾ ಪರೀಕ್ಷೆ ಎಲ್ಲವೂ. ಮದುವೆಯಾಗದೆ ಜೊತೆಗಿರುವವರಿಗೆ ಆ ನಿರ್ದೇಶನ ಕೊಡುವುದು ಹಕ್ಕಲ್ಲ, 'ಅನುಕೂಲ ಮಾಡಿಕೊಡಬೇಕು' ಎಂಬ ಮಾತು ಮಾತ್ರ. ಜಂಟಿ ಬಾಡಿಗೆ ಕರಾರು, ಜಂಟಿ ಖಾತೆ ಇಂಥ ಪುರಾವೆ ಬೇಕಾಗುತ್ತದೆ. ಪುಣೆಯ ಫ್ಲಾಟಿನ ಕರಾರಿನಲ್ಲಿ ಒಬ್ಬರದೇ ಹೆಸರಿರುವುದು ಇಲ್ಲಿ ಕೈಕೊಡುತ್ತದೆ.

ಬ್ರಿಟನ್ ಕೇಳುವುದು ಹಣ. 2024ರ ಏಪ್ರಿಲ್‌ನಿಂದ ಸಂಗಾತಿ ವೀಸಾಗೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು, ಭಾರತದಿಂದ ಹೋಗುವವರಿಗೆ ಕ್ಷಯರೋಗದ ಪರೀಕ್ಷೆಯೂ ಉಂಟು. ಅದರ ಪ್ರಮಾಣಪತ್ರ ಆರು ತಿಂಗಳದ್ದು, ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಮಾಡಿಸಿದರೆ ಸಾಕು.

ಪೊಲೀಸ್ ಕ್ಲಿಯರೆನ್ಸ್ ಕೊನೆಗೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ, ಯಾವ ದೇಶಕ್ಕೆ ಎಂಬುದನ್ನು ನಮೂದಿಸಬೇಕು. ದೇಶ ಬದಲಾದರೆ ಹೊಸ ಅರ್ಜಿ. ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸ, ಈಗಿನ ವಾಸ ಪುಣೆ ಎಂದಾದರೆ ಪರಿಶೀಲನೆ ಉದ್ದವಾಗುತ್ತದೆ. ಬಾಡಿಗೆ ಕರಾರು ನೋಂದಣಿಯಾಗಿರಲಿ, ಠಾಣೆಯಿಂದ ಕರೆ ಬಂದ ದಿನ ವಾಸದ ಊರಿನಲ್ಲೇ ಇರಿ.

ಹೊರಡುವ ಮುನ್ನ ಮದುವೆ ಪ್ರಮಾಣಪತ್ರದ ಎರಡನೇ ದೃಢೀಕೃತ ಪ್ರತಿ ತೆಗೆಸಿ, ಅಪಾಸ್ಟಿಲ್ ಒಪ್ಪುವ ದೇಶವಾದರೆ ಅದಕ್ಕೂ ಚೀಟಿ ಹಾಕಿಸಿ. ಒಂದು ಅಲ್ಲಿನ ಕಚೇರಿಯ ಕಡತಕ್ಕೆ ಹೋದರೆ ವಾಪಸ್ ಬರುವ ಖಾತ್ರಿ ಇಲ್ಲ, ಅಲ್ಲಿಂದ ಹೊಸದನ್ನು ತರಿಸಬೇಕೆಂದರೆ ಇಲ್ಲಿ ಯಾರಿಗಾದರೂ ಅಧಿಕಾರಪತ್ರ ಬರೆದುಕೊಡಬೇಕಾಗುತ್ತದೆ. ಮುಂದೆ ವಿದೇಶಿ ಸಂಗಾತಿ ಭಾರತೀಯರ ಪತಿ ಅಥವಾ ಪತ್ನಿಯಾಗಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕುವಾಗಲೂ ಅದೇ ಕಾಗದ ಬೇಕು. ಮದುವೆ ನೋಂದಣಿಯಾಗಿ ಸತತ ಎರಡು ವರ್ಷ ಕಳೆದಿರಬೇಕು ಎಂಬುದು ಅಲ್ಲಿನ ಷರತ್ತು. ದೇವಸ್ಥಾನದಲ್ಲೋ ಹಾಲ್‌ನಲ್ಲೋ ಮದುವೆಯಾಗಿ ನೋಂದಣಿಯನ್ನು ಮುಂದೂಡುತ್ತ ಹೋದವರಿಗೆ ಎಣಿಕೆಯೂ ಅಷ್ಟೇ ತಡವಾಗಿ ಶುರುವಾಗುತ್ತದೆ.