ಕಾಯುವ ಹೊತ್ತೂ ಮಾರಾಟಕ್ಕೆ

12 ಮಾರ್ಚ್ 2025, ಬುಧವಾರ

ಜಾಹೀರಾತಿನ ಮೇಲೆ ನನಗೆ ಹುಟ್ಟಾ ದ್ವೇಷವಿಲ್ಲ. ಪತ್ರಿಕೆಯಲ್ಲಿ ಅರ್ಧ ಪುಟ ತುಂಬಿಕೊಂಡು ಬಂದರೂ ಮಗುಚಿ ಹಾಕಿದರೆ ಅದರ ಕಥೆ ಮುಗಿಯಿತು. ಬಡವರ ಕೈಗೂ ಪತ್ರಿಕೆ ಎಟುಕಿದ್ದು ಜಾಹೀರಾತಿನ ದುಡ್ಡಿನಿಂದಲೇ. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕಿನಲ್ಲಿ ‘ಸನ್’ ಪತ್ರಿಕೆ ಶುರು ಮಾಡಿದಾಗ ಅಲ್ಲಿನ ಇತರ ಪತ್ರಿಕೆಗಳಿಗೆ ಆರು ಸೆಂಟ್ ಬೆಲೆಯಿತ್ತು. ಅವನು ಇಟ್ಟದ್ದು ಒಂದೇ ಸೆಂಟ್. ಕೊರತೆಯನ್ನು ಜಾಹೀರಾತುದಾರರು ತುಂಬಿದರು. ಓದುಗರಿಗೆ ಸುದ್ದಿ ಮಾರುವುದಕ್ಕಿಂತ ಓದುಗರ ಗಮನವನ್ನೇ ಮಾರುವುದರಲ್ಲಿ ಲಾಭ ಹೆಚ್ಚು ಎಂಬ ಲೆಕ್ಕಾಚಾರ ಬೇರು ಬಿಟ್ಟದ್ದು ಹೀಗೆ. ಆಗಲೂ ಪುಟ ಮಗುಚುವ ಸ್ವಾತಂತ್ರ್ಯ ಓದುಗನದ್ದೇ ಆಗಿತ್ತು. ನನ್ನ ತಕರಾರು ಆ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಜಾಹೀರಾತುಗಳ ಬಗ್ಗೆ.

ಅಪ್ಪನ ಮಂಡಿ ತೋರಿಸಲು ಇಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆವು. ಕಾಯುವ ಕೋಣೆಯ ಗೋಡೆಯ ಮೇಲೆ, ಯಾರ ಕೈಗೂ ನಿಲುಕದ ಎತ್ತರದಲ್ಲಿ ದೊಡ್ಡದೊಂದು ಟಿವಿ. ಕುರ್ಚಿಗಳೆಲ್ಲ ಅದರ ಕಡೆಗೇ ಮುಖ ಮಾಡಿವೆ. ಅದರಲ್ಲಿ ಸುದ್ದಿಯೂ ಇಲ್ಲ, ಹಾಡೂ ಇಲ್ಲ; ಆರೋಗ್ಯ ವಿಮೆ, ಕೂದಲಿನ ಎಣ್ಣೆ, ಸಾಲ, ಮತ್ತೆ ಆರೋಗ್ಯ ವಿಮೆ. ಪಕ್ಕದಲ್ಲಿದ್ದ ತಾಯಿಯೊಬ್ಬರು ಜ್ವರದಿಂದ ನರಳುತ್ತಿದ್ದ ಮಗುವಿನ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಿದ್ದರು. ನರ್ಸ್ ಒಬ್ಬ ಹಿರಿಯರ ಹೆಸರನ್ನು ಎರಡು ಸಲ ಕೂಗಿದರೂ ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಮುಂದಿನವರನ್ನು ಒಳಗೆ ಕರೆದರು. ಧ್ವನಿ ಸ್ವಲ್ಪ ಕಡಿಮೆ ಮಾಡಿ ಎಂದು ನರ್ಸ್ ಅವರನ್ನು ಕೇಳಿದೆ. ಅದು ಹೊರಗಿನ ಏಜೆನ್ಸಿಯವರದ್ದು, ರಿಮೋಟ್ ನಮ್ಮ ಬಳಿ ಇಲ್ಲ ಎಂದರು. ಪಾಪ, ದಿನವಿಡೀ ಅದನ್ನು ಕೇಳಿಸಿಕೊಳ್ಳುವವರು ಅವರೇ.

ರೋಗಿ ಎದ್ದು ಹೋಗುವಂತಿಲ್ಲ. ಹೋದರೆ ಸರದಿ ತಪ್ಪುತ್ತದೆ. ಎದ್ದು ಹೋಗಲಾರ ಎಂಬುದೇ ಅಲ್ಲಿನ ಜಾಹೀರಾತಿಗೆ ಬೆಲೆ ತಂದುಕೊಡುತ್ತದೆ. ಲಿಫ್ಟಿನೊಳಗಿನ ಪರದೆ, ಪೆಟ್ರೋಲ್ ತುಂಬಿಸುವ ಯಂತ್ರದ ಮೇಲಿನ ಪರದೆ, ವಿಮಾನದ ಸೀಟಿನ ಬೆನ್ನು, ಎಲ್ಲ ಕಡೆಯೂ ಇದೇ ಲೆಕ್ಕ. ಮನುಷ್ಯ ಸುಮ್ಮನೆ ನಿಲ್ಲಬೇಕಾದ ಜಾಗಗಳನ್ನು ಹುಡುಕಿ ಹುಡುಕಿ ಹಿಡಿದಿದ್ದಾರೆ. ಕಾಯುವ ಹೊತ್ತಿನಲ್ಲಿ ನಾವು ಭಯಪಡುತ್ತೇವೆ, ಯಾರನ್ನೋ ನೆನೆಯುತ್ತೇವೆ, ಪಕ್ಕದವರನ್ನು ಮಾತನಾಡಿಸುತ್ತೇವೆ. ಅದನ್ನು ಖಾಲಿ ಹೊತ್ತು ಎಂದು ಎಣಿಸಿ ಮಾರಾಟಕ್ಕಿಡಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಮನೆಗೆ ಬಂದರೂ ಬಿಡುಗಡೆಯಿಲ್ಲ. ಮೊಬೈಲಿನಲ್ಲಿ ಸುದ್ದಿ ಓದುತ್ತಿದ್ದ ಅಪ್ಪ ಥಟ್ಟನೆ ಕೇಳಿದರು: “ನನಗೆ ಮಂಡಿ ನೋವು ಅಂತ ಇವರಿಗೆ ಯಾರು ಹೇಳಿದರು?” ಸುದ್ದಿಯ ನಡುವೆ ಮಂಡಿಗೆ ಕಟ್ಟುವ ಪಟ್ಟಿ, ಹಚ್ಚುವ ಎಣ್ಣೆ. ಹೋದ ವಾರ ಅವರು ನೋವಿನ ಬಗ್ಗೆ ಹುಡುಕಿದ್ದರು, ಅಷ್ಟೇ. ಪುಟ ತೆರೆದುಕೊಳ್ಳುವಷ್ಟರಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ, ತೆರೆಮರೆಯಲ್ಲಿ ಒಂದು ಹರಾಜು ನಡೆದಿರುತ್ತದೆ ಎಂದು ಅವರಿಗೆ ವಿವರಿಸಿದೆ. ಯಾವ ಫೋನು, ಸುಮಾರು ಯಾವ ಊರು, ಯಾವ ಪುಟ, ಈ ವ್ಯಕ್ತಿಗೆ ಯಾವುದರಲ್ಲಿ ಆಸಕ್ತಿ ಎಂಬ ವಿವರಗಳು ಹಲವು ಕಂಪನಿಗಳಿಗೆ ಹೋಗುತ್ತವೆ. ಹೆಚ್ಚು ಕೂಗಿದವನ ಜಾಹೀರಾತು ಪುಟಕ್ಕೆ ಬರುತ್ತದೆ. ಹರಾಜಿನಲ್ಲಿ ಸೋತವರಿಗೂ ಆ ವಿವರಗಳು ತಲುಪಿರುತ್ತವೆ. ಅಪ್ಪನನ್ನು ಕೆರಳಿಸಿದ್ದು ಈ ಕೊನೆಯ ಮಾತು. “ಕೊಳ್ಳದವನಿಗೆ ನನ್ನ ವಿಷಯ ಯಾಕೆ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಬೆರಳು ಸ್ವಲ್ಪ ನಡುಗುತ್ತದೆ. ಜಾಹೀರಾತು ಮುಚ್ಚಲು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಇಂಟು ಗುರುತು. ಅದೂ ಬಿಳಿಯ ಮೇಲೆ ತಿಳಿಬೂದು. ಅದನ್ನು ಒತ್ತಲು ಹೋದ ಕ್ಷಣದಲ್ಲೇ ತಡವಾಗಿ ಬಂದ ಇನ್ನೊಂದು ಜಾಹೀರಾತು ಜಾಗ ಮಾಡಿಕೊಳ್ಳುತ್ತದೆ, ಅಕ್ಷರಗಳೆಲ್ಲ ಕೆಳಗೆ ಜಾರುತ್ತವೆ, ಬೆರಳು ಬೇರೆಲ್ಲೋ ಬೀಳುತ್ತದೆ, ಯಾವುದೋ ಅಂಗಡಿ ತೆರೆದುಕೊಳ್ಳುತ್ತದೆ. ಎಪ್ಪತ್ತು ದಾಟಿದವರ ಕಣ್ಣಿನ ಮತ್ತು ಕೈಯ ಸೋಲನ್ನು ಲಾಭದ ಖಾತೆಗೆ ಬರೆದುಕೊಳ್ಳುವ ಈ ಕೆಲಸಕ್ಕೆ ಮೋಸವೆಂದಲ್ಲದೆ ಬೇರೆ ಹೆಸರಿಲ್ಲ.

ಇದನ್ನು ತಡೆಯಲು ಆಗುವುದಿಲ್ಲ, ಕಾಲವೇ ಹಾಗಿದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೆಜಿಲ್‌ನ ಸಾವೊ ಪಾವ್ಲೊದಂಥ ಮಹಾನಗರ 2006ರಲ್ಲಿ ‘ಸ್ವಚ್ಛ ನಗರ’ ಕಾನೂನು ತಂದು, ಮರುವರ್ಷದಿಂದ ಬೀದಿಬದಿಯ ಜಾಹೀರಾತು ಫಲಕಗಳನ್ನು ಇಳಿಸಿತು. ಸುಮಾರು 15,000 ಫಲಕಗಳು ಹೋದವು. ಅವುಗಳ ಹಿಂದೆ ಮುಚ್ಚಿಹೋಗಿದ್ದ ಕಟ್ಟಡಗಳು ಜನರ ಕಣ್ಣಿಗೆ ಬಿದ್ದವು. ವ್ಯಾಪಾರ ನೆಲಕಚ್ಚುತ್ತದೆ ಎಂದು ಹೆದರಿಸಿದವರಿದ್ದರು. ನಗರ ಇಂದಿಗೂ ನಡೆಯುತ್ತಿದೆ. ಅಮೆರಿಕದ ವರ್ಮಾಂಟ್ ರಾಜ್ಯ ರಸ್ತೆಬದಿಯ ಫಲಕಗಳನ್ನು ನಿಷೇಧಿಸುವ ಕಾನೂನನ್ನು 1968ರಷ್ಟು ಹಿಂದೆಯೇ ಮಾಡಿತ್ತು. ಕೆನಡಾದ ಕ್ವಿಬೆಕ್‌ನಲ್ಲಿ ಹದಿಮೂರರೊಳಗಿನ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ 1980ರಿಂದ ನಿಷೇಧವಿದೆ. ಮಗುವಿಗೆ ಜಾಹೀರಾತನ್ನು ತೂಗಿ ನೋಡುವ ಶಕ್ತಿ ಇಲ್ಲ ಎಂಬ ಕಾರಣಕ್ಕೆ ಕಾನೂನು ಅಡ್ಡ ನಿಲ್ಲುವುದಾದರೆ, ವೈದ್ಯರ ಬಾಗಿಲ ಮುಂದೆ ಎದೆ ಹಿಡಿದುಕೊಂಡು ಕುಳಿತವರಿಗೂ ಆ ಹೊತ್ತಿನಲ್ಲಿ ಆ ಶಕ್ತಿ ಇರುವುದಿಲ್ಲ.

ಅಪ್ಪನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿಯನ್ನು, ಅಂದರೆ ಜಾಹೀರಾತುದಾರರು ಆ ಫೋನನ್ನು ಗುರುತಿಸಲು ಬಳಸುವ ಸಂಕೇತವನ್ನು, ಅಳಿಸಿದ್ದೇನೆ. ಜಾಹೀರಾತು ತಡೆಯುವ ಬ್ರೌಸರ್ ಹಾಕಿಕೊಟ್ಟಿದ್ದೇನೆ. ಇದರಿಂದ ಸ್ವಲ್ಪ ನೆಮ್ಮದಿ ಸಿಗಬಹುದು. ಆದರೆ ಇದು ಗೊತ್ತಿರುವವರು ಮಾತ್ರ ಪಾರಾಗುವ ದಾರಿ; ಪಕ್ಕದ ಕುರ್ಚಿಯಲ್ಲಿದ್ದ ಆ ತಾಯಿಗೆ ಯಾವ ಸೆಟ್ಟಿಂಗೂ ಇಲ್ಲ. ಆಸ್ಪತ್ರೆಯ ಆಡಳಿತಕ್ಕೆ ಪತ್ರ ಬರೆದು ಮುಗಿಸಿ ಈಗ ಇದನ್ನು ಬರೆಯುತ್ತಿದ್ದೇನೆ. ಕೇಳಿರುವುದು ಇಷ್ಟೇ: ಟಿವಿಯ ಧ್ವನಿ ಪೂರ್ತಿ ನಿಲ್ಲಲಿ, ಅರ್ಧದಷ್ಟು ಕುರ್ಚಿಗಳನ್ನಾದರೂ ಕಿಟಕಿಯ ಕಡೆಗೆ ತಿರುಗಿಸಲಿ, ಏಜೆನ್ಸಿಯ ಒಪ್ಪಂದ ಮುಗಿಯುವುದು ಯಾವಾಗ ಎಂದು ತಿಳಿಸಲಿ. ಮುಂದಿನ ತಪಾಸಣೆಗೆ ಹೋಗುವ ಮೊದಲು ಉತ್ತರ ಬರದಿದ್ದರೆ, ಕಾಯುವ ಕೋಣೆಯಲ್ಲಿರುವವರೆಲ್ಲರ ಸಹಿ ಹಾಕಿಸಿ ಮತ್ತೊಮ್ಮೆ ಕೊಡುತ್ತೇನೆ.