ಪಂಚಾಯಿತಿ ಏರ್‌ಪೋರ್ಟ್

ರಜೆಗೆ ಕೊಡಗಿನ ಸುಂಟಿಕೊಪ್ಪಕ್ಕೆ ಬಂದು ಹತ್ತು ದಿನ ಆಯ್ತು. ರೊಬಸ್ಟಾ ಕಾಫಿ ಕುಯ್ಲು ನಡೆಯುತ್ತಿದೆ. ಸಂಜೆ ಕಣದ ಹತ್ತಿರ ಯಾರೇ ಬರಲಿ, ಅಪ್ಪ ಅವರನ್ನು ಕೂರಿಸಿಕೊಂಡು ಒಂದೇ ಕತೆ ಶುರು ಮಾಡುತ್ತಾರೆ. "ಅಮೆರಿಕದಲ್ಲಿ ಇವನ ಮನೆ ಹತ್ತಿರ ಪಂಚಾಯಿತಿಯವರದ್ದೇ ಒಂದು ಏರ್‌ಪೋರ್ಟ್ ಇದೆ ಮಾರಾಯ್ರೆ." ಬಂದವರು ಅಪ್ಪನನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ.

ಅಪ್ಪ ಹೇಳುವುದು ಸುಳ್ಳಲ್ಲ. ನಾನಿರುವ ಬೋಲಿಂಗ್‌ಬ್ರೂಕ್, ಶಿಕಾಗೊ ಪೇಟೆಯಿಂದ ಸುಮಾರು 45 ಕಿಲೋಮೀಟರ್ ದೂರ. ಜನಸಂಖ್ಯೆ 70 ಸಾವಿರ ದಾಟಿದೆ. ಆದರೂ ಕಾಗದದಲ್ಲಿ ಅದು 'ವಿಲೇಜ್'. ಇಲಿನಾಯ್‌ನಲ್ಲಿ ಆ ಹೆಸರಿಗೂ ಊರಿನ ಗಾತ್ರಕ್ಕೂ ಸಂಬಂಧವಿಲ್ಲ. ಆ ವಿಲೇಜ್‌ನ ಆಡಳಿತದ ಕೈಯಲ್ಲಿ ಒಂದು ವಿಮಾನ ನಿಲ್ದಾಣ ಇದೆ. ಹೆಸರು ಕೇಳಿದರೆ ಇನ್ನೂ ನಗು ಬರುತ್ತದೆ: ಕ್ಲೌ ಇಂಟರ್‌ನ್ಯಾಷನಲ್ ಏರ್‌ಪೋರ್ಟ್. ಇಂಟರ್‌ನ್ಯಾಷನಲ್ ಬಿಡಿ, ಪಕ್ಕದ ರಾಜ್ಯಕ್ಕೆ ಹೋಗಲೂ ಅಲ್ಲಿ ಟಿಕೆಟ್ ಸಿಗುವುದಿಲ್ಲ. ಒಂದೇ ರನ್‌ವೇ. ಕ್ಲೌ ಅನ್ನುವುದು ಅಲ್ಲಿ ಹಿಂದೆ ಜಮೀನು ಮಾಡಿಕೊಂಡಿದ್ದ ಮನೆತನದ ಹೆಸರು. ಅವರ ಖಾಸಗಿ ನಿಲ್ದಾಣವನ್ನು ಆಮೇಲೆ ಊರಿನ ಆಡಳಿತವೇ ಕೊಂಡುಕೊಂಡಿತು.

ಮನೆ ಬಾಡಿಗೆಗೆ ತೋರಿಸಿದ ಏಜೆಂಟ್ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮೊದಲ ಶನಿವಾರ ಬೆಳಿಗ್ಗೆ ಮಾಡಿನ ಮೇಲೇ ಕಳೆ ಕೊಚ್ಚುವ ಮೆಷಿನ್ ಓಡಿಸಿದ ಹಾಗೆ ಸದ್ದು. ಹೊರಗೆ ಬಂದು ನೋಡಿದರೆ ಸಣ್ಣ ಸೆಸ್ನಾ. ಐದು ನಿಮಿಷಕ್ಕೆ ಅದೇ ವಿಮಾನ ಮತ್ತೆ ಬಂತು. ಮತ್ತೆ ಬಂತು. ಕಲಿಯುವವರು ಇಳಿದ ಹಾಗೆ ಚಕ್ರ ತಾಗಿಸಿ ಹಾಗೇ ಏರುತ್ತಾರೆ. 'ಟಚ್ ಅಂಡ್ ಗೋ' ಅನ್ನುತ್ತಾರೆ ಅದನ್ನು. ಒಂದು ವರ್ಷ ನಾನು ಅದನ್ನು ಬೈದುಕೊಂಡೇ ಇದ್ದೆ.

ಆಮೇಲೆ ಜೂನ್‌ನಲ್ಲಿ ಅಪ್ಪ ಬಂದರು. ಅಮ್ಮ ಬರಲಿಲ್ಲ. ಮಳೆಗಾಲದಲ್ಲಿ ತೋಟ ಬಿಟ್ಟು ಬರುವುದು ಹೇಗೆ ಅಂದರು. ನಮ್ಮ ಕಕ್ಕಡ ತಿಂಗಳ ಮದ್ದುಸೊಪ್ಪಿನ ಪಾಯಸ ತಪ್ಪಿಹೋಗುತ್ತದೆ ಎಂದು ಅಪ್ಪನಿಗೂ ಬೇಜಾರಿತ್ತು. ಅಮೆರಿಕಕ್ಕೆ ಬಂದ ಅಪ್ಪಂದಿರ ಪಾಡು ನಿಮಗೆ ಗೊತ್ತೇ ಇದೆ. ಮಗ ಕೆಲಸಕ್ಕೆ ಹೋಗುತ್ತಾನೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಮಾತಾಡೋಣ ಅಂದರೆ ಪಕ್ಕದ ಮನೆಯ ನಾಯಿ ಮಾತ್ರ. ನಾಲ್ಕನೇ ದಿನ ಅಪ್ಪ ಸುಮ್ನೆ ಸದ್ದು ಬಂದ ದಿಕ್ಕಿಗೆ ನಡೆದುಕೊಂಡು ಹೋದರು. ಮಧ್ಯಾಹ್ನ ಫೋನ್ ಮಾಡಿದರೆ, "ನಾನು ಏರ್‌ಪೋರ್ಟಲ್ಲಿದ್ದೇನೆ" ಅಂದರು. ನನ್ನ ಎದೆ ಧಸಕ್ ಅಂತು. ಊರಿಗೇ ಹೊರಟುಬಿಟ್ಟರು ಅಂದುಕೊಂಡೆ.

ಅಲ್ಲಿಂದ ಅದು ದಿನದ ಕೆಲಸವಾಯ್ತು. ಪ್ಲಾಸ್ಕಿನಲ್ಲಿ ಕಾಫಿ, ತಲೆಗೆ ಟೋಪಿ, ಬೇಲಿಯ ಪಕ್ಕ ಬೆಂಚು. ರನ್‌ವೇ ಅಗಲ 50 ಅಡಿ ಎಂದು ನಾನು ಹೇಳಿದ ದಿನ ಅಪ್ಪ ನಂಬಲಿಲ್ಲ. "ನಮ್ಮ ಕಣ 60 ಅಡಿ ಇದೆಯಲ್ಲೋ." ಉದ್ದ ಒಂದು ಕಿಲೋಮೀಟರ್ ಚಿಲ್ಲರೆ. ಎರಡು ತುದಿಯಲ್ಲಿ 18 ಮತ್ತು 36 ಅಂತ ಬರೆದಿದೆ. ಅದಕ್ಕೊಂದು ಸೊನ್ನೆ ಸೇರಿಸಿದರೆ ದಿಕ್ಸೂಚಿಯ ಡಿಗ್ರಿ. 180 ಅಂದರೆ ದಕ್ಷಿಣ, 360 ಅಂದರೆ ಉತ್ತರ. ಗಾಳಿಗೆ ಎದುರಾಗಿ ಇಳಿಯಬೇಕಾದ್ದರಿಂದ, ಗಾಳಿಚೀಲ ಯಾವ ಕಡೆ ಉಬ್ಬಿದೆ ಎಂದು ನೋಡಿ ಅಪ್ಪ ಬೆಂಚಿನಲ್ಲಿ ಕೂರುವ ದಿಕ್ಕು ಬದಲಿಸುತ್ತಿದ್ದರು.

ಅಪ್ಪನನ್ನು ನಿಜವಾಗಿ ಹಿಡಿದದ್ದು ರೇಡಿಯೋ. ಈ ನಿಲ್ದಾಣಕ್ಕೆ ಟವರ್ ಇಲ್ಲ. ನೀನು ಮೊದಲು ಇಳಿ, ನೀನು ತಡಿ ಎಂದು ಹೇಳುವ ಮನುಷ್ಯನೇ ಇಲ್ಲ. ಪೈಲಟ್‌ಗಳು ತಾವು ಎಲ್ಲಿದ್ದೇವೆ, ಏನು ಮಾಡಲಿದ್ದೇವೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಕೊಳ್ಳುತ್ತಾರೆ, ಅಷ್ಟೆ. ನಾನೊಂದು ಸಣ್ಣ ಸ್ಕ್ಯಾನರ್ ರೇಡಿಯೋ ತಂದುಕೊಟ್ಟೆ. "ಕ್ಲೌ ಟ್ರಾಫಿಕ್, ಸೆಸ್ನಾ, ಡೌನ್‌ವಿಂಡ್, ರನ್‌ವೇ ಒನ್ ಎಯ್ಟ್, ಕ್ಲೌ." ನಿಲ್ದಾಣದ ಹೆಸರು ಮೊದಲೂ ಬೇಕು, ಕೊನೆಗೂ ಬೇಕು. ಅದೇ ಫ್ರೀಕ್ವೆನ್ಸಿಯನ್ನು ಬೇರೆ ಸಣ್ಣ ನಿಲ್ದಾಣಗಳೂ ಬಳಸುತ್ತವೆ, ಹೆಸರು ಸರಿಯಾಗಿ ಕೇಳದಿದ್ದರೆ ಯಾವ ಊರಿನ ಆಕಾಶ ಎಂದು ತಿಳಿಯುವುದಿಲ್ಲ. ಡೌನ್‌ವಿಂಡ್ ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹೋಗುವುದು, ಬೇಸ್ ಅಂದರೆ ಅಡ್ಡ ತಿರುಗುವುದು, ಫೈನಲ್ ಅಂದರೆ ನೇರ ಇಳಿಯಲು ಬರುವುದು.

ಅಪ್ಪ ಎರಡು ದಿನ ಕೇಳಿದರು. ಮೂರನೇ ದಿನ ಅಂದರು, "ಇದು ನಮ್ಮ ಸಂಪಾಜೆ ಘಾಟಿ ಹಾರನ್ ಅಲ್ವಾ?"

ನಾನು ಯೋಚಿಸಿದೆ. ಹೌದು. ತಿರುವಿನ ಆಚೆ ಯಾರಿದ್ದಾರೆ ಗೊತ್ತಿಲ್ಲ. ಇದ್ದರೆ ಕೇಳಲಿ ಎಂದು ಹಾರನ್ ಹೊಡೆಯುತ್ತೇವೆ. ಆ ಕಡೆಯಿಂದಲೂ ಹಾರನ್ ಬಂದರೆ ಒಬ್ಬರು ನಿಧಾನ ಮಾಡುತ್ತಾರೆ. ಪೊಲೀಸ್ ಬೇಕಿಲ್ಲ. ಹಾರನ್ ಇಲ್ಲದ ಗಾಡಿಯೂ ಬರಬಹುದು. ಇಲ್ಲೂ ಅಷ್ಟೇ, ರೇಡಿಯೋ ಕಡ್ಡಾಯವಲ್ಲ, ರೇಡಿಯೋ ಇಲ್ಲದ ಹಳೆ ವಿಮಾನಗಳು ಇಳಿಯಬಹುದು. ಹಾಗಾಗಿ ಕಿವಿ ಎಷ್ಟೇ ಚುರುಕಾಗಿದ್ದರೂ ಕಣ್ಣು ಹೊರಗೇ ಇರಬೇಕು.

ಇಂಥ ಸಣ್ಣ ನಿಲ್ದಾಣಗಳಲ್ಲಿ ಎಷ್ಟೋ ಕಡೆ ರಾತ್ರಿ ರನ್‌ವೇ ದೀಪವನ್ನೂ ಪೈಲಟ್ಟೇ ಹಚ್ಚಿಕೊಳ್ಳುತ್ತಾನೆ. ಮೈಕಿನ ಬಟನ್ನನ್ನು ಐದು ಸೆಕೆಂಡಿನೊಳಗೆ ಏಳು ಸಲ ಒತ್ತಿದರೆ ದೀಪ ಪೂರ್ತಿ ಜೋರಾಗುತ್ತದೆ. ಇದರಲ್ಲಿ ಅಪ್ಪನಿಗೆ ಏನೂ ವಿಶೇಷ ಕಾಣಲಿಲ್ಲ. ಅವರು ಮನೆಯಿಂದಲೇ ಮೊಬೈಲಲ್ಲಿ ಕೆರೆಯ ಮೋಟಾರ್ ಆನ್ ಮಾಡುವವರು.

ಜುಲೈನಲ್ಲಿ ಒಂದು ಸಂಜೆ ನಾನೂ ಬೆಂಚಿನಲ್ಲಿದ್ದೆ. ಒಂದು ವಿಮಾನ ಬಂದು ನಿಂತಿತು. ಎಂಜಿನ್ ಆಫ್ ಮಾಡಲಿಲ್ಲ. ಬಾಗಿಲು ತೆಗೆದು ಮೇಷ್ಟ್ರು ಇಳಿದರು, ಹುಲ್ಲಿನ ಮೇಲೆ ಬಂದು ಕೈಕಟ್ಟಿ ನಿಂತರು. ಒಳಗೆ ಉಳಿದದ್ದು ಒಬ್ಬ ಹುಡುಗಿ. ಅಲ್ಲಿ 16 ತುಂಬಿದರೆ ಒಬ್ಬರೇ ಹಾರಬಹುದು, 17ಕ್ಕೆ ಲೈಸೆನ್ಸ್. ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಿರಬೇಕು. ಹುಡುಗಿ ಹೋದಳು. ರೇಡಿಯೋದಲ್ಲಿ ಅವಳ ದನಿ ಡೌನ್‌ವಿಂಡ್‌ನಲ್ಲಿ ಸ್ವಲ್ಪ ನಡುಗಿತು, ಬೇಸ್‌ನಲ್ಲಿ ಸರಿಯಾಯ್ತು. ಮೇಷ್ಟ್ರು ಕೂತೂ ಇಲ್ಲ, ನಿಂತೂ ಇಲ್ಲ. ಒಂದು ಹುಲ್ಲುಕಡ್ಡಿ ಕಿತ್ತು ಚೂರು ಚೂರು ಮಾಡುತ್ತಿದ್ದರು. ಅಪ್ಪ ಕಾಫಿ ಲೋಟ ಹಿಡಿದವರು ಕುಡಿಯುವುದನ್ನು ಮರೆತಿದ್ದರು. ಮೂರು ಸುತ್ತು ಮುಗಿಸಿ ಅವಳು ಇಳಿದ ಮೇಲೆ ಮೇಷ್ಟ್ರು ಜೇಬಿನಿಂದ ಕತ್ತರಿ ತೆಗೆದರು. ಅವಳ ಟೀ ಶರ್ಟಿನ ಬೆನ್ನಿನ ಭಾಗವನ್ನು ಚೌಕವಾಗಿ ಕತ್ತರಿಸಿದರು! ಅದು ಅಲ್ಲಿನ ಹಳೆ ಪದ್ಧತಿಯಂತೆ. ಹಿಂದೆಲ್ಲ ಕಲಿಸುವವರು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು, ಸದ್ದಿನಲ್ಲಿ ಮಾತು ಕೇಳದೆ ಶರ್ಟಿನ ತುದಿ ಎಳೆದು ಹೇಳುತ್ತಿದ್ದರು. ಒಬ್ಬರೇ ಹಾರಿದ ಮೇಲೆ ಎಳೆಯುವ ಕೆಲಸವಿಲ್ಲ, ಶರ್ಟಿಗೆ ಬಾಲವೂ ಬೇಡ.

ಮೇಷ್ಟ್ರ ಜೊತೆ ಅಪ್ಪನಿಗೆ ಅವತ್ತೇ ಗೆಳೆತನವಾಯ್ತು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಮಡಿಕೇರಿಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆಯ ಫೋಟೋ ಫೋನಿನಲ್ಲಿ ತೋರಿಸಿ, 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾದ ಮೇಲೆ ಅವರು ಹಳೆ ಮಿಸ್ಟೀರ್ ವಿಮಾನದಲ್ಲಿ ಅವರ ಸ್ಟಾರ್‌ಫೈಟರ್ ಯುದ್ಧವಿಮಾನವನ್ನೇ ಹೊಡೆದು ಕೆಡವಿದ್ದನ್ನು ಹೇಳಲು ನನ್ನನ್ನು ದುಭಾಷಿ ಮಾಡಿದರು. ಮಹಾವೀರ ಚಕ್ರ 1988ರಲ್ಲಿ ಬಂತು ಅಂದಾಗ ಮೇಷ್ಟ್ರು, ಅಷ್ಟು ವರ್ಷ ಯಾಕೆ ಎಂದು ಕೇಳಿದರು. ಅಪ್ಪ ನನ್ನ ಕಡೆ ನೋಡಿದರು. ನಾನು ಗಡಿಯಾರ ನೋಡಿದೆ.

ಎಲ್ಲ ಚೆನ್ನ ಅಂತ ಹೇಳುವುದಿಲ್ಲ. ಈ ಸಣ್ಣ ವಿಮಾನಗಳು ಹೆಚ್ಚಾಗಿ ಕುಡಿಯುವುದು 100 ಎಲ್‌ಎಲ್ ಎಂಬ ನೀಲಿ ಪೆಟ್ರೋಲು. ಅದರಲ್ಲಿ ಈಗಲೂ ಸೀಸ ಎಂಬ ವಿಷಲೋಹ ಇದೆ. ಕಾರಿನ ಪೆಟ್ರೋಲಿನಿಂದ ಅದನ್ನು ತೆಗೆದು ಎಷ್ಟೋ ಕಾಲವಾಯ್ತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ ತನ್ನ ನಿಲ್ದಾಣಗಳಲ್ಲಿ 2022ರಿಂದ ಅದರ ಮಾರಾಟ ನಿಲ್ಲಿಸಿತು. ಮಕ್ಕಳಿರುವ ಮನೆಯವರು ಈ ವಿಷಯದಲ್ಲಿ ಸಿಟ್ಟಾದರೆ ಅದು ನ್ಯಾಯವೇ. ಖರ್ಚೂ ಹಾಗೇ. ಬರೀ ಊಟಕ್ಕೆ ಅಂತ ಪಕ್ಕದ ನಿಲ್ದಾಣಕ್ಕೆ ಹಾರಿ ಹೋಗುವುದಕ್ಕೆ ಪೈಲಟ್‌ಗಳೇ 'ನೂರು ಡಾಲರ್ ಬರ್ಗರ್' ಅಂತ ಹೆಸರಿಟ್ಟು ನಗುತ್ತಾರೆ. ಈಗ ನೂರಕ್ಕೆ ಮುಗಿಯುವುದೂ ಇಲ್ಲ. ಕುಶಾಲನಗರಕ್ಕೆ ಮಸಾಲೆ ದೋಸೆಗೆ ಜೀಪ್ ತೆಗೆಯುವ ಅಪ್ಪ ಮಾತ್ರ ಇದರಲ್ಲಿ ತಪ್ಪೇನಿಲ್ಲ ಅಂದರು.

ಕೊಡಗಿಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ನಾನು ಬರುವುದಾದರೆ ಬೆಂಗಳೂರಿಗೋ, 2018ರಲ್ಲಿ ಶುರುವಾದ ಕಣ್ಣೂರಿಗೋ ಇಳಿದು ರಸ್ತೆ ಹಿಡಿಯಬೇಕು. ಕಣದ ಸಭೆಯಲ್ಲಿ ಹೀಗಾಗಿ ಪ್ರಶ್ನೆ ಬಂದೇ ಬರುತ್ತದೆ: ನಮಗೂ ಅಂಥದ್ದೊಂದು ಮಾಡಬಹುದಲ್ವಾ? ಕುಶಾಲನಗರದ ಕಡೆ ಆಗುತ್ತದಂತೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಅಪ್ಪ ತಜ್ಞರ ಹಾಗೆ ತಲೆ ಆಡಿಸುತ್ತಾರೆ. "ಕುಶಾಲನಗರ ಆದೀತು. ಮಡಿಕೇರಿ ಆಗೋದಿಲ್ಲ. ಆ ಸಣ್ಣ ವಿಮಾನದವರು ಹೆಚ್ಚಾಗಿ ಕಣ್ಣಿಗೆ ಕಂಡರೆ ಮಾತ್ರ ಹಾರೋದು. ಜೂನ್‌ನಿಂದ ನಮ್ಮ ಮಂಜಿನಲ್ಲಿ ಏನು ಕಾಣ್ತದೆ, ಮಣ್ಣು?"

ನಿನ್ನೆ ಸಂಜೆ ಅಪ್ಪ ಕಣದಲ್ಲಿ ಕಾಫಿ ಕೆದಕುತ್ತಿದ್ದರು. ಕೆಳಗಿನ ತಿರುವಿನಲ್ಲಿ ಜೀಪಿನ ಹಾರನ್ ಎರಡು ಸಲ ಕೇಳಿತು. ಅವತ್ತು ಕುಯ್ದ ಹಣ್ಣಿನ ಮೂಟೆ ಬರುವ ಹೊತ್ತು.

"ಬೇಸ್," ಅಂದರು ಅಪ್ಪ, ತಲೆ ಎತ್ತದೆ.

ಗೇಟಿನ ಹತ್ತಿರ ಇನ್ನೊಂದು ಹಾರನ್.

"ಫೈನಲ್. ಆ ಟಾರ್ಪಾಲ್ ಎಳಿ ಮಾರಾಯ, ಜಾಗ ಬಿಡು."